ನೆಗಡಿ ಕೊರೋನಾದ ಹಾಜರಿ

ನೆಗಡಿ ಬಿಡಲಿಲ್ಲವೆಂದು ಆಸ್ಪತ್ರೆಗೆ ಹೋದರೆ ಪರೀಕ್ಷೆಯ ಚೀಟಿಯಲ್ಲಿ ಕೊರೋನಾ ಎಂದಿತ್ತು. ಡಾಕ್ಟರು ನಕ್ಕರು. "ಇದು ಆ ಕೊರೋನಾ ಅಲ್ಲ. ನೆಗಡಿ ತರುವ ಹಳೇ ಜಾತಿ."

ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಆಳುಗಳ ಹಾಜರಿ ಬರೆಯುವ ಕೆಲಸ. ಮೋಡ ಕಟ್ಟಿತ್ತು, ಮಳೆ ಬಿದ್ದರೆ ಹಣ್ಣಾದ ಕಾಫಿಯೆಲ್ಲ ನೆಲಕ್ಕೆ. ಹಾಜರಿಯಾಗದೆ ಯಾರೂ ತೋಟಕ್ಕಿಳಿಯುವಂತಿಲ್ಲ. ಬೆಳಿಗ್ಗೆ ಪುಸ್ತಕ ಹಿಡಿದು ಹೊರಟೆ.

ಸುದ್ದಿ ನನಗಿಂತ ಮೊದಲೇ ಆಳುಗಳ ಲೈನ್ ಮನೆ ಮುಟ್ಟಿತ್ತು. ಪಿಕ್ಕಿಂಗಿನ ಹೆಂಗಸರ ಮುಂದಾಳು ಪಾರ್ವತಿ ಅಡ್ಡ ನಿಂತಳು.

"ಅಲ್ಲೇ ನಿಲ್ಲಿ ರೈಟರ್ರೇ. ಹತ್ರ ಬಂದ್ರೆ ನಾವ್ಯಾರೂ ಕೊಯ್ಯಲ್ಲ."

"ಇದು ಬರೀ ನೆಗಡಿದು. ನಿನಗೂ ಎಷ್ಟೋ ಸಲ ಬಂದಿರುತ್ತೆ," ಎಂದೆ, ಒಡಕು ದನಿಯಲ್ಲಿ.

"ಬಂದಿರ್ಲಿ. ನಿಮ್ಮಿಂದ ಯಾಕೆ ಬರ್ಬೇಕು? ದೂರದಿಂದ ಕೂಗಿ."

ಇಪ್ಪತ್ತು ಹೆಜ್ಜೆ ಹಿಂದೆ ಸರಿದು ಹೆಸರು ಕೂಗಿದೆ. ಗಂಟಲಿನಿಂದ ಗಾಳಿ ಮಾತ್ರ ಬಂತು. ಒಬ್ಬಳೂ ಓಗೊಡಲಿಲ್ಲ. ಮತ್ತೆ ಮೊದಲಿನಿಂದ ಕೂಗಿದೆ. ಮೂರನೇ ಸಲಕ್ಕೆ ಪಾರ್ವತಿಗೆ ಸಾಕಾಯಿತು.

"ಹಿಂಗಾದ್ರೆ ಮಧ್ಯಾಹ್ನ ಆಗುತ್ತೆ!" ಎಂದು, ಪುಸ್ತಕವಿಲ್ಲದೆ ಎಲ್ಲರ ಹೆಸರನ್ನೂ ತಾನೇ ಕೂಗಿದಳು. ತನ್ನ ಹೆಸರು ಕೂಗಿ ತಾನೇ "ಬಂದೆ" ಎಂದಳು. ನಾನು ಗುರುತು ಹಾಕುತ್ತಾ ಹೋದೆ. ಎಲ್ಲರೂ ತೋಟಕ್ಕಿಳಿದರು.

ಹೋಗುತ್ತಾ ಪಾರ್ವತಿ ತಿರುಗಿ, ಹಾಜರಿ ಕೂಗುವ ಹಾಗೇ, "ರೈಟರ್ರು!" ಎಂದು ಕೂಗಿದಳು.

"ಹಾಜರ್," ಎಂದೆ. ಯಾರಿಗೂ ಕೇಳಿಸಲಿಲ್ಲ. ನಾನೇ ಬರೆದುಕೊಂಡೆ.