ಕಪ್ತಾನರ ಸೂತಕ

ಯಾರು ಸತ್ತರು, ಯಾರು ಬದುಕಿದ್ದಾರೆ ಎಂಬ ವಿಷಯದಲ್ಲಿ ನಾನು ಪುಸ್ತಕವನ್ನು ನಂಬುವವನು. ಶಿಕಾರಿಪುರದಲ್ಲಿ ಇದನ್ನು ಗಟ್ಟಿಯಾಗಿ ಹೇಳುವಂತಿಲ್ಲ. ಇಲ್ಲಿಯವರು ಇಂಥದ್ದಕ್ಕೆಲ್ಲ ಎದುರು ಮನೆಯವರನ್ನು ನಂಬುತ್ತಾರೆ. ನಿಮ್ಮ ಹತ್ತಿರ ಹೇಳಿದರೆ ನಡೆದೀತು.

ನಾನು ಹೇಳುತ್ತಿರುವುದು ಒಂದು ಅಂತರಿಕ್ಷ ನೌಕೆಯ ಕಥೆ. ಅದು ಟೀವಿಯಲ್ಲಿ ಸರಣಿಯಾಗಿ ಬಂತು, ನಡುವೆ ಸಿನಿಮಾ ಆಯಿತು, ಈಗ ಮೊಬೈಲಿನಲ್ಲಿ ಬರುತ್ತಿದೆ. ಒಂದು ಸರಣಿ ಮುಗಿದು ಇನ್ನೊಂದು ಶುರುವಾಗುವ ತನಕ ನೌಕೆಯವರು ಏನು ಮಾಡುತ್ತಿದ್ದರು ಎಂದು ನಾವು ನಿದ್ದೆಗೆಡಬಾರದಲ್ಲ, ಅದಕ್ಕೆಂದು ಕಂಪನಿಯವರೇ ಕಾದಂಬರಿಗಳನ್ನು ಬರೆಸುತ್ತಾರೆ. ಮುಖಪುಟದಲ್ಲಿ ನಟನ ಚಿತ್ರ, ಮೂಲೆಯಲ್ಲಿ ಕಂಪನಿಯ ಮುದ್ರೆ, 'ಅಧಿಕೃತ' ಎಂಬ ಹೊಂಬಣ್ಣದ ಅಕ್ಷರ. ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಘನಪಂಡಿತನಾದ ನಾನು ಶಿವಮೊಗ್ಗದ ಹಳೆ ಪುಸ್ತಕದ ಅಂಗಡಿಗಳನ್ನು ಜಾಲಾಡಿ ಅವನ್ನೆಲ್ಲ ಕೂಡಿಹಾಕಿದ್ದೇನೆ. ಓದುತ್ತೀರಿ, ನಂಬುತ್ತೀರಿ, ಕಣ್ಣೀರನ್ನೂ ಹಾಕುತ್ತೀರಿ. ಆಮೇಲೆ ಹೊಸ ಸರಣಿ ಬರುತ್ತದೆ. ಪುಸ್ತಕದಲ್ಲಿ ಸಿಡಿದು ಚೂರಾದ ಗ್ರಹ ಪರದೆಯ ಮೇಲೆ ಹಸಿರಾಗಿ, ಗುಂಡಗೆ ತಿರುಗುತ್ತಿರುತ್ತದೆ. ಏನ್ರೀ ಇದು ಎಂದರೆ ಕಂಪನಿಯವರ ಉತ್ತರ ಸಿದ್ಧವಿದೆ: ಪರದೆಯ ಮೇಲೆ ಬಂದದ್ದು ಮಾತ್ರ ನಡೆದದ್ದು, ಪುಸ್ತಕವನ್ನು ಓದಿ ಸಂತೋಷಪಡಿ. ಎಂಥ ಧಾರಾಳ ಮನಸ್ಸು!

ಅಂಜನಾಪುರದ ನಾಲೆ ನೋಡಿದವರಿಗೆ ಇದು ಹೊಸದಲ್ಲ. ಮೇಲಿನ ಗದ್ದೆಯವರಿಗೆ ನೀರು, ಕೊನೆಯ ಗದ್ದೆಯವರಿಗೆ ನೀರು ಬಿಟ್ಟಿದ್ದಾರೆಂಬ ಸುದ್ದಿ. ಪುಸ್ತಕ ಓದುವ ನಾವು ಕೊನೆಯ ಗದ್ದೆಯವರು. ಆದರೂ ನಮ್ಮ ಹಿಂದಿನವರು ಈ ಕಂಪನಿಗಿಂತ ಮರ್ಯಾದಸ್ಥರು ಎನ್ನಬೇಕು. ಒಬ್ಬನೇ ರಾಕ್ಷಸ ಒಂದು ಪುರಾಣದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಸಾಯುತ್ತಾನೆ. ಕೇಳಿದರೆ ಶಾಸ್ತ್ರಿಗಳು 'ಅದು ಕಲ್ಪಭೇದ, ಆ ಕಲ್ಪದಲ್ಲಿ ಹಾಗೆ, ಈ ಕಲ್ಪದಲ್ಲಿ ಹೀಗೆ' ಎಂದು ಹೇಳಿ ಹಾಲು ಕುಡಿದು ಮಲಗುತ್ತಿದ್ದರು. ಯಾವ ಪುರಾಣವನ್ನೂ ಅವರು ಸುಳ್ಳು ಎನ್ನಲಿಲ್ಲ, ಯಾರು ಕೊಂಡ ಪುಸ್ತಕವನ್ನೂ ರದ್ದು ಮಾಡಲಿಲ್ಲ.

ಇಷ್ಟು ಪೀಠಿಕೆ ಏಕೆಂದರೆ, ಈ ಗೊಂದಲ ಹೋದ ತಿಂಗಳು ನೇರವಾಗಿ ನಮ್ಮ ಅಕ್ಕನ ಮನೆಗೆ ಬಂದು ಚಾಪೆಯ ಮೇಲೆ ಕೂತುಬಿಟ್ಟಿತು.

ಅಕ್ಕನ ಮಗಳು ಶ್ವೇತಾ ಇಲ್ಲೇ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ. ಅವಳನ್ನು ನೋಡಲು ಬಂದು ಹೋದ ಗಂಡುಗಳನ್ನು ಎಣಿಸುವುದನ್ನು ಅಕ್ಕ ಬಿಟ್ಟಿದ್ದಾಳೆ. ಬಂದವರ ಮುಂದೆ ಶ್ವೇತಾ ಗೋಡೆ ನೋಡುತ್ತ ಕೂರುತ್ತಾಳೆ, ಅವರು ಹೋದ ಮೇಲೆ 'ಬೇಡ' ಎನ್ನುತ್ತಾಳೆ. ಈ ಸಲದ ಗಂಡನ್ನು ಹುಡುಕಿದವನು ನಾನು. ಸೊರಬದ ಹೊಸಬಾಳೆ ಕಡೆಯ ಮಂಜುನಾಥ. ಡಿಗ್ರಿ ಮುಗಿಸಿ ಕುರಿ ಸಾಕಿದ್ದಾನೆ. ಕುರಿ ಮೇಯುವಷ್ಟು ಹೊತ್ತೂ ಈ ನೌಕೆಯ ಕಾದಂಬರಿ ಓದುತ್ತಾನೆ. ಶ್ವೇತಾ ಅದೇ ಸರಣಿಯನ್ನು ಮೊಬೈಲಿನಲ್ಲಿ ಒಂದು ಕಂತೂ ಬಿಡದೆ ನೋಡುವವಳು. ಜಾತಕ ಇದಕ್ಕಿಂತ ಚೆನ್ನಾಗಿ ಇನ್ನು ಹೇಗೆ ಕೂಡಬೇಕು ಎಂದು ನಾನು ಬೀಗಿದ್ದೆ. ಪುಸ್ತಕ ಓದಿದವನನ್ನೂ ಪರದೆ ನೋಡಿದವಳನ್ನೂ ಎದುರುಬದುರು ಕೂರಿಸುವಾಗ ಕೊಂಚ ಯೋಚಿಸಬೇಕೆಂಬುದು ನನ್ನಂಥ ಪಂಡಿತನಿಗೆ ಹೊಳೆಯಲಿಲ್ಲ.

ಉಪ್ಪಿಟ್ಟಿನ ತಟ್ಟೆಗಳು ಬರುವಷ್ಟರಲ್ಲಿ ಹುಡುಗ ಹುಡುಗಿ ಮಾತಾಡಲಿ ಎಂದು ಇಬ್ಬರನ್ನೂ ಪಡಸಾಲೆಗೆ ಕಳಿಸಿದೆವು. ದೊಡ್ಡವರೆಲ್ಲ ಒಳಗೆ ಕೂತು ಮಳೆ ಬೆಳೆ ಎಂದು ಮಾತಾಡುತ್ತ, ಸಂಪ್ರದಾಯದಂತೆ ಕಿವಿಯನ್ನು ಆ ಕಡೆ ಇಟ್ಟಿದ್ದೆವು. ಮೊದಲು ಶ್ವೇತಾಳ ನಗು ಕೇಳಿಸಿತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅಕ್ಕ ನನ್ನ ಕಡೆ ನೋಡಿ ಕಣ್ಣು ಒರೆಸಿಕೊಂಡಳು. ಆಮೇಲೆ ಮಂಜುನಾಥನ ದನಿ:

“ನಮ್ಮ ಕ್ಯಾಪ್ಟನ್ ಹೋಗಿ ಇನ್ನೂ ವಾರ ಆಗಿಲ್ಲ ರೀ. ಅವತ್ತು ನಂಗೆ ಊಟನೇ ಸೇರ್ಲಿಲ್ಲ.”

“ಎಲ್ಲಿಗೆ ಹೋದ್ರು? ನಿನ್ನೆ ತಾನೆ ನೋಡ್ದೆ. ಮೀಸೆ ಬಿಟ್ಕಂಡು ಆರಾಮಾಗಿದಾರೆ.”

“ಸುಟ್ಟು ಬೂದಿ ಆಗಿದಾರೆ ರೀ!”

ಒಳಗೆ ಮಳೆ ಬೆಳೆ ನಿಂತಿತು. ಅಕ್ಕನ ಅತ್ತೆ, ಅಂದರೆ ಶ್ವೇತಾಳ ಅಜ್ಜಿ, ಉಪ್ಪಿಟ್ಟಿನ ತಟ್ಟೆಗಳಿಗೆ ಕೈ ಅಡ್ಡ ಇಟ್ಟರು.

“ಏನ್ರೀ ಯಜಮಾನ್ರೇ,” ಎಂದರು ಹುಡುಗನ ದೊಡ್ಡಪ್ಪನಿಗೆ, “ಮಿಲಿಟ್ರಿಯೋರು ತೀರ್ಕೊಂಡು ವಾರ ಆಗಿಲ್ಲ, ಸೂತಕ ಇಟ್ಕಂಡು ಹೆಣ್ಣು ನೋಡಾಕೆ ಬಂದೀರಲ್ಲ!”

“ನಮ್ಮನೇಲಿ ಯಾರೂ ತೀರ್ಕೊಂಡಿಲ್ಲಮ್ಮ! ಮಿಲಿಟ್ರೀಲಿ ನಮ್ಮೋರು ಯಾರೂ ಇಲ್ಲ” ಎಂದು ದೊಡ್ಡಪ್ಪ ಗಾಬರಿಯಾದರು.

ಆಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು ವಿವರಿಸಿದೆ: ಅವರು ಮಿಲಿಟರಿಯವರಲ್ಲ, ನೌಕೆಯ ಕಪ್ತಾನರು, ಕಥೆಯವರು, ಪುಸ್ತಕದಲ್ಲಿ ಸತ್ತಿದ್ದಾರೆ, ಪರದೆಯ ಮೇಲೆ ಬದುಕಿದ್ದಾರೆ, ಕಂಪನಿಯ ಪ್ರಕಾರ ಪರದೆಯೇ ಪ್ರಮಾಣ, ನಮ್ಮ ಶಾಸ್ತ್ರದ ಪ್ರಕಾರ ಕಲ್ಪಭೇದ. ಇಷ್ಟು ಚೆನ್ನಾಗಿ ನಾನು ತರಗತಿಯಲ್ಲೂ ಹೇಳಿದವನಲ್ಲ.

“ಕತೆಯೋರಾದ್ರೆ ಈ ಹುಡುಗ ಊಟ ಯಾಕ ಬಿಟ್ಟ?” ಎಂದರು ಅಜ್ಜಿ. “ಊಟ ಬಿಟ್ಟಾನ ಅಂದಮೇಲೆ ಅವನ ಮನಸಿಗೆ ಸೂತಕ ಐತಿ. ಕಂಪ್ನಿಯೋರಿಗೆ ಸೂತಕ ಬರಲ್ಲ, ನಮಗ ಬರ್ತತಿ.”

ದೊಡ್ಡಪ್ಪ ವ್ಯವಹಾರ ಬಲ್ಲವರು. ಮಂಜುನಾಥನನ್ನು ಒಳಗೆ ಕರೆದು, “ಬದುಕಿದಾರೆ ಅಂತ ಒಂದು ಮಾತು ಅಂದ್ಬಿಡು ಮಾರಾಯ. ಉಪ್ಪಿಟ್ಟು ಆರ್ತಾ ಇದೆ, ಅಜ್ಜಿಯಮ್ಮನೂ ಸಮಾಧಾನ ಆಗ್ತಾರೆ” ಎಂದರು. ಅಕ್ಕ ಕೈ ಮುಗಿಯುವುದೊಂದು ಬಾಕಿ. ನಾನೂ ಅವನಿಗೆ ಕಣ್ಣು ಮಿಟುಕಿಸಿದೆ. ಒಬ್ಬ ಕಪ್ತಾನನನ್ನು ಬದುಕಿಸಿದರೆ ಒಂದು ಮದುವೆ ನಡೆಯುತ್ತದೆ. ಕಂಪನಿಯವರು ಇದಕ್ಕಿಂತ ಎಷ್ಟೋ ಸಣ್ಣ ಲಾಭಕ್ಕೆ ಬದುಕಿಸಿದ್ದಾರೆ.

ಮಂಜುನಾಥ ತಟ್ಟೆ ನೋಡಿದ, ಬಾಗಿಲಲ್ಲಿ ನಿಂತಿದ್ದ ಶ್ವೇತಾಳನ್ನು ನೋಡಿದ. ಕಿವಿಯೆಲ್ಲ ಕೆಂಪಾಯಿತು.

“ಇಲ್ಲ ದೊಡ್ಡಪ್ಪ. ಎಲ್ಲರನ್ನೂ ಆಚೆ ಕಳಿಸಿ ಒಬ್ರೇ ಉಳಿದು ಸತ್ರು. ನಾನು ಹೆಣ್ಣು ಒಪ್ಪಿಸ್ಕೊಳ್ಳಕ್ಕೆ ಅದನ್ನ ಇಲ್ಲ ಅನ್ನಕ್ಕಾಗಲ್ಲ.”

ನಾನು ಮನಸ್ಸಿನಲ್ಲೇ ಈ ಸಂಬಂಧಕ್ಕೆ ಕೈ ತೊಳೆದುಕೊಂಡೆ. ಇಷ್ಟು ಒಳ್ಳೆಯ ಹುಡುಗ, ಇಷ್ಟು ಕೆಲಸಕ್ಕೆ ಬಾರದ ಹಟ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜಿ ತಟ್ಟೆಗಳನ್ನು ಒಂದೊಂದಾಗಿ ಅಡುಗೆಮನೆಗೆ ಸಾಗಿಸತೊಡಗಿದರು.

ಆಗ ಶ್ವೇತಾ ಬಾಯಿ ಬಿಟ್ಟಳು.

“ಅಜ್ಜಿ, ನಂಗೆ ಕ್ಯಾಪ್ಟನ್ ಬದುಕೇ ಇದಾರೆ. ಅದ್ರಲ್ಲಿ ನಂದು ಎರಡು ಮಾತಿಲ್ಲ. ಆದ್ರೆ ಇವ್ರಿಗೆ ಹೋಗಿದಾರೆ. ಸೂತಕ ಕಳ್ಕೊಂಡು ಬರ್ಲಿ ಬಿಡಿ. ನಾನು ಕಾಯ್ತೀನಿ.”

ಅಜ್ಜಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. ಆಮೇಲೆ ಪಂಚಾಂಗ ತರಿಸಿ, ಕಪ್ತಾನರು ತೀರಿಕೊಂಡ ದಿನ ಯಾವುದೆಂದು ಹುಡುಗನನ್ನೇ ಕೇಳಿ, ಸೂತಕ ಕಳೆಯುವ ದಿನವನ್ನು ಗೊತ್ತುಮಾಡಿದರು. ಗಂಡಿನ ಕಡೆಯವರಿಗೆ ನಮ್ಮಲ್ಲಿ ಅವತ್ತು ಒಂದು ಲೋಟ ಚಹಾ ಕೂಡ ಆಗಲಿಲ್ಲ.

ಸೊರಬದ ಬಸ್ಸಿಗೆ ಅವರನ್ನು ಹತ್ತಿಸಲು ನಾನೇ ಹೋದೆ. ದೊಡ್ಡಪ್ಪ ಹಸಿದ ಸಿಟ್ಟಿನಲ್ಲೇ ಬಸ್ಸು ಹತ್ತಿದರು. ಮಂಜುನಾಥ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸ್ಸು ತಿರುಗುವವರೆಗೂ ಕೈ ಬೀಸುತ್ತಲೇ ಇದ್ದ. ಸಾವಿನ ಮನೆಯವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸೂತಕದಲ್ಲಿರುವವನ ಮುಖದಲ್ಲಿ ಅಷ್ಟು ದೊಡ್ಡ ನಗುವನ್ನು ಮಾತ್ರ ಎಲ್ಲೂ ಕಂಡಿಲ್ಲ.