ಜಂಬಣ್ಣನ ಲಂಕೆ ಕಾರ್ಡು

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಜಂಬಣ್ಣನಿಗೆ ಕೂತಲ್ಲಿ ಕೂರುವ ಅಭ್ಯಾಸ ಮೊದಲಿನಿಂದಲೂ ಇಲ್ಲ. ರೇಡಿಯೋ ಅನ್ನುವುದು ಬೋರ್ಡಿನ ಮೇಲಷ್ಟೇ ಉಳಿದಿದೆ. ಈಗ ಅಂಗಡಿಗೆ ಬರುವುದೆಲ್ಲ ಚಾರ್ಜರ್, ರಿಮೋಟು, ಸುಟ್ಟ ಮಿಕ್ಸರ್. ವಯಸ್ಸು ಐವತ್ತೆಂಟು. ಆದರೂ ಚಳಿಗಾಲ ಬಂತೆಂದರೆ ಮುಗಿಯಿತು, ಕೋಳಿ ಕೂಗುವ ಹೊತ್ತಿಗೆ ಎದ್ದು, ಅಲ್ಯೂಮಿನಿಯಂ ಕೊಳವೆಗಳ ಆಂಟೆನಾವನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಗುಡ್ಡಕ್ಕೆ ಹೊರಡುತ್ತಾನೆ. ಇಂದು ಉಚ್ಚಂಗಿದುರ್ಗ, ನಾಳೆ ಗುಡೇಕೋಟೆ, ನಾಡಿದ್ದು ಇನ್ನೆಲ್ಲೋ. ಅಲ್ಲಿ ಹೋಗಿ ಏನು ಮಾಡುತ್ತಾನೆ ಅಂದರೆ, ಕೇಳುತ್ತಾನೆ. ಅಷ್ಟೇ.

ಅವನ ಹತ್ತಿರ ಅಂಗೈಯಗಲದ ಸ್ಕ್ಯಾನರ್ ಇದೆ. ರೇಡಿಯೋ ಕೇಂದ್ರಗಳ ಒಂದೊಂದೇ ನಂಬರನ್ನು ತಾನಾಗಿ ದಾಟುತ್ತ ಹೋಗಿ, ದನಿ ಸಿಕ್ಕಲ್ಲಿ ಗಕ್ಕನೆ ನಿಲ್ಲುವ ಯಂತ್ರ ಅದು. ಚಳಿಗಾಲದ ನಸುಕಿನಲ್ಲಿ, ಕೆಳಗೆ ತಣ್ಣನೆ ಗಾಳಿ ಮೇಲೆ ಬೆಚ್ಚನೆ ಗಾಳಿ ಇದ್ದಾಗ, ಎಲ್ಲಿಯದೋ ಎಫ್‌ಎಂ ಎಲ್ಲಿಗೋ ಜಾರಿ ಬರುತ್ತದೆ. ಗೋವಾ, ಚೆನ್ನೈ ಎಲ್ಲ ಅವನಿಗೆ ಹಾಗೆ ಸಿಕ್ಕಿವೆ. ಕೇಳಿದ್ದನ್ನು ನಿಮಿಷದ ಲೆಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದು ಆ ಕೇಂದ್ರಕ್ಕೇ ಕಳಿಸಬೇಕು. ಅವರು ತಾಳೆ ನೋಡಿ, ಹೌದು ಇದು ನಮ್ಮದೇ ಅಂತ ಒಂದು ಕಾರ್ಡು ಕಳಿಸುತ್ತಾರೆ. ಈ ಕಾರ್ಡಿಗಾಗಿ ಮೂವತ್ತು ವರ್ಷ ಮೊಣಕಾಲು ಸವೆಸಿದ ಮನುಷ್ಯ ಇವನು. ಇದಕ್ಕೆ ಹುಚ್ಚು ಅನ್ನದೆ ಇನ್ನೇನು ಅನ್ನೋಣ ಹೇಳಿ.

ಅವನ ಹೆಂಡತಿ ಅನ್ನದಾನಮ್ಮ ಹಾಗೇ ಅನ್ನುತ್ತಿದ್ದಳು, ಅದೂ ಗಟ್ಟಿಯಾಗಿ. ಅವಳ ತಂಗಿಯ ಮದುವೆಯಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೂ ಈ ಮಹಾರಾಯ ಗುಡ್ಡದ ಮೇಲಿದ್ದ. ಗಂಡ ಎಲ್ಲಿ ಅಂತ ಬೀಗರು ಕೇಳಿದಾಗಲೆಲ್ಲ ಅವಳು ಒಂದೊಂದು ಸುಳ್ಳು ಹೊಸೆಯಬೇಕಾಗುತ್ತಿತ್ತು. ಪಕ್ಕದ ಮನೆಯ ಗೀತಮ್ಮನಂತೂ, ನಿಮ್ಮವರು ಗುಡ್ಡದಾಗ ಇನ್ನೊಂದು ಸಂಸಾರ ಮಾಡ್ಯಾರೇನು ಅಂತ ನಲ್ಲಿ ಮುಂದೆ ನಿಂತು ನಗುತ್ತಿದ್ದಳು.

ಹೋದ ಡಿಸೆಂಬರಿನಲ್ಲಿ ಕೂಡ್ಲಿಗಿ ಕಡೆಯ ಕರಡಿಕಲ್ಲು ಗುಡ್ಡದ ಮೇಲೆ ಸ್ಕ್ಯಾನರ್ ನಿಂತಿತು. ತಮಿಳು ಹಾಡು. ಆಮೇಲೆ ಕೇಂದ್ರದ ಹೆಸರು ಬಂತು: ಶ್ರೀಲಂಕಾದ ಉತ್ತರ ತುದಿಯ ಒಂದು ಎಫ್‌ಎಂ. ಸ್ಕ್ಯಾನರ್ ನಿಂತ ನಂಬರೂ ಆ ಕೇಂದ್ರದ್ದೇ. ಸುಮಾರು ಏಳುನೂರು ಕಿಲೋಮೀಟರ್! ಜಂಬಣ್ಣ ಎದ್ದ ರಭಸಕ್ಕೆ ಆಂಟೆನಾ ಬಂಡೆಗೆ ಬಡಿಯಿತು. ಮೊಬೈಲಿನಲ್ಲಿ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿ ಅವತ್ತೇ ಕಳಿಸಿದ. ಜನವರಿ ಕೊನೆಗೆ ಸಮುದ್ರದ ಚಿತ್ರವಿದ್ದ ಕಾರ್ಡು ಬಂತು. ನಿಮ್ಮ ಸೀಮೆಯಿಂದ ನಮ್ಮನ್ನು ಕೇಳಿದವರಲ್ಲಿ ನೀವೇ ಮೊದಲಿಗರು ಅಂತ ಕೈಬರಹದಲ್ಲಿ ಬರೆದಿದ್ದರು.

ಹಗರಿಬೊಮ್ಮನಹಳ್ಳಿಯಲ್ಲಿ ರೇಡಿಯೋ ಕೇಳುಗರ ಕೂಟವೊಂದಿದೆ. ಅದರ ಅಧ್ಯಕ್ಷ, ಕಾಲೇಜು ಮೇಷ್ಟ್ರು ಗುರುಬಸವರಾಜ, ಫೆಬ್ರವರಿಯ ಎರಡನೇ ಭಾನುವಾರ ಸನ್ಮಾನ ಇಟ್ಟೇಬಿಟ್ಟರು. ಅನ್ನದಾನಮ್ಮ ಬದಲಾದದ್ದು ಆಗ. ಕಾರ್ಡಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗು ಹಾಕಿದಳು. ಗೀತಮ್ಮನನ್ನು ಕರೆದು ಒಗ್ಗರಣೆ ಮಂಡಕ್ಕಿ ಕೊಟ್ಟು, ಲಂಕೆ ಎಲ್ಲಿದೆ ಅಂತ ಅವಳೇ ಬೆರಳು ತೋರಿಸಿ ಹೇಳಿದಳು. ಹರಪನಹಳ್ಳಿಯ ತಂಗಿಯರಿಗೆಲ್ಲ ಫೋನು ಹೋಯಿತು.

ಜಂಬಣ್ಣನನ್ನು ಮಾತ್ರ ಎರಡು ಸಂಗತಿ ಕೊರೆಯುತ್ತಿದ್ದವು. ದೂರದ ದನಿ ಒಂದೇ ಸಮ ಇರುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಒಮ್ಮೆ ಮುಳುಗಿಯೇ ಹೋಗುತ್ತದೆ. ಅವತ್ತಿನದು ಇಪ್ಪತ್ತು ನಿಮಿಷ ಕದಲಲಿಲ್ಲ. ಇನ್ನೊಂದು ಮಾತು. ಆರು ಗಂಟೆಯಾಯಿತೆಂದು ಕೇಂದ್ರದವರು ಹಾಕುವ ಪೀಂ ಪೀಂ ಸದ್ದು ಅವನ ಗಡಿಯಾರಕ್ಕಿಂತ ನಲವತ್ತು ಸೆಕೆಂಡು ತಡವಾಗಿ ಬಂದಿತ್ತು. ಲಂಕೆಯವರ ಗಡಿಯಾರ ಹಿಂದಿರಬೇಕು ಅಂದುಕೊಂಡು, ವರದಿಯಲ್ಲಿ ಸರಿಯಾಗಿ ಆರು ಅಂತಲೇ ಬರೆದಿದ್ದ. ಮೂವತ್ತು ವರ್ಷದಲ್ಲಿ ಅವನು ಕೇಳಿದ್ದನ್ನು ತಿದ್ದಿ ಬರೆದದ್ದು ಅದೊಂದೇ ಸಲ. ಅದು ಅವನನ್ನು ಉಣ್ಣಲು ಬಿಡಲಿಲ್ಲ. ಸನ್ಮಾನಕ್ಕೆ ಮೊದಲು ಇನ್ನೊಂದು ಸಲ ಆ ದನಿ ಸಿಗಲೇಬೇಕು ಅಂತ ದಿನಾ ಕರಡಿಕಲ್ಲಿಗೆ ಓಡಿದ.

ಎಂಟು ದಿನ ಬರೀ ಸುಯ್ ಎನ್ನುವ ಸದ್ದು. ಒಂಬತ್ತನೇ ದಿನ, ಶುಕ್ರವಾರ, ಸ್ಕ್ಯಾನರ್ ಅದೇ ನಂಬರಿಗೆ ನಿಂತಿತು. ಅದೇ ಕೇಂದ್ರ, ಅದೇ ಕದಲದ ದನಿ. ಖುಷಿಪಡಬೇಕಾದ ಮನುಷ್ಯ ಎದ್ದು ಗುಡ್ಡ ಇಳಿಯತೊಡಗಿದ. ನಿಜವಾಗಿ ದೂರದಿಂದ ಬಂದದ್ದಾದರೆ ಇಳಿದ ಹಾಗೆ ಸಾಯಬೇಕು. ಇದು ಬಲವಾಗುತ್ತ ಹೋಯಿತು. ಅರ್ಧ ದಾರಿಗೆ ಅವನಿಗೆ ಎಲ್ಲ ತಿಳಿದುಹೋಗಿತ್ತು, ಆದರೂ ಕಾಲು ನಿಲ್ಲಲಿಲ್ಲ.

ಬುಡದಲ್ಲಿ, ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರ್ ನಿಂತಿತ್ತು. ಆ ಸುತ್ತಿನ ಗುಡ್ಡಗಳ ಮೇಲೆಲ್ಲ ಈಗ ಫ್ಯಾನು ನೆಡುತ್ತಿದ್ದಾರೆ. ಬೆಳಕಾದ ಮೇಲೇ ತಿರುವು ದಾಟಬೇಕೆಂದು ಗಾಡಿಗಳು ಅಲ್ಲಿ ಕಾಯುತ್ತವೆ. ಡ್ರೈವರ್ ರಾಮೇಶ್ವರದ ಕಡೆಯವನು. ಅವನ ಊರಲ್ಲಿ ಲಂಕೆಯ ಎಫ್‌ಎಂ ನೇರವಾಗಿ ಬರುತ್ತದಂತೆ. ಇಲ್ಲಿ ಬಾರದ್ದಕ್ಕೆ ಮೊಬೈಲಿನಲ್ಲಿ ಇಂಟರ್ನೆಟ್ಟಿನಿಂದ ಹಾಕಿಕೊಂಡು, ಸಿಗರೇಟ್ ಹಚ್ಚುವ ತೂತಿಗೆ ಸಿಕ್ಕಿಸಿದ, ತಾನೇ ಸಣ್ಣ ಎಫ್‌ಎಂ ಬಿಡುವ ಪುಟ್ಟ ಡಬ್ಬಿಯಿಂದ ಗಾಡಿಯ ರೇಡಿಯೋಗೆ ಹಾಯಿಸಿದ್ದ. ಗಾಡಿಯ ರೇಡಿಯೋದ ನಂಬರು ಯಾಕೆ ತಿರುಗಿಸಲಿ, ಡಬ್ಬಿಯನ್ನೇ ಊರಿನ ನಂಬರಿಗೆ ಇಟ್ಟಿದ್ದೇನೆ ಅಂತ ಹರಕು ಕನ್ನಡದಲ್ಲಿ ಹೇಳಿ, ಜಂಬಣ್ಣನಿಗೆ ಚಹಾ ಕೊಟ್ಟ. ಡಿಸೆಂಬರಿನಲ್ಲೂ ಬಂದಿದ್ದೆಯಾ ಅಂದರೆ, ಬಂದಿದ್ದೆ ಅಂದ. ಇಂಟರ್ನೆಟ್ಟಿನಲ್ಲಿ ದನಿ ತಡವಾಗಿ ಬರುತ್ತದೆ, ಆ ನಲವತ್ತು ಸೆಕೆಂಡು ಅದೇ. ಏಳುನೂರು ಕಿಲೋಮೀಟರ್ ಅಂದುಕೊಂಡದ್ದು ಏಳುನೂರು ಮಾರೂ ಇರಲಿಲ್ಲ. ಜಂಬಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚಹಾ ಕುಡಿದು ಎದ್ದು ಬಂದ.

ಮನೆಗೆ ಬಂದವನೇ ಹೆಂಡತಿಗೆ ಎಲ್ಲ ಹೇಳಿದ. ಗುರುಬಸವರಾಜರಿಗೆ ಫೋನು ಮಾಡಿ ಸನ್ಮಾನ ನಿಲ್ಲಿಸುತ್ತೇನೆ, ಕಾರ್ಡು ವಾಪಸ್ ಕಳಿಸುತ್ತೇನೆ ಅಂದ. ಅನ್ನದಾನಮ್ಮ ಹೊಸ ಸೀರೆಗೆ ಫಾಲ್ಸ್ ಹಚ್ಚುತ್ತ ಕೂತಿದ್ದಳು. ಸೂಜಿ ಕೆಳಗಿಟ್ಟಳು.

"ಅದು ಯಾರಿಗಾರ ಗೊತ್ತೈತೇನು?"

"ಇಲ್ಲ. ನನಗೊಬ್ಬಗ ಗೊತ್ತೈತಿ."

"ಹಂಗಾದ್ರ ಸುಮ್ಮನಿರ್ರಿ," ಅಂದಳು. "ಮೂವತ್ತು ವರ್ಷ ನಿಮ್ಮ ಸಲುವಾಗಿ ಮಂದಿ ಮುಂದ ಸುಳ್ಳು ಹೇಳೀನಿ. ನೀವು ನನ್ನ ಸಲುವಾಗಿ ಒಂದ ದಿನ ಬಾಯಿ ಮುಚ್ಕೊಂಡು ಕುಂದರ್ರಿ."

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಭಾನುವಾರ ಕೂತ. ಶಾಲು ಹೊದಿಸಿದರು, ಹಾರ ಹಾಕಿದರು, ಹೂವಿನಹಡಗಲಿಯಿಂದ ಬಂದ ಹಿರಿಯ ಕೇಳುಗರೊಬ್ಬರು ಅವನ ಕಿವಿಯನ್ನೇ ಹೊಗಳಿದರು. ಎರಡು ಮಾತು ಆಡಿ ಅಂದಾಗ ಮೈಕಿನ ಮುಂದೆ ನಿಂತ. ಬಾಯಿಗೆ ಬಂದದ್ದು ನಿಜವೇ. ಆದರೆ ಮೊದಲ ಸಾಲಿನಲ್ಲಿ ತಂಗಿಯರ ನಡುವೆ ಅನ್ನದಾನಮ್ಮ ಕೂತಿದ್ದಳು, ಹೊಸ ಸೀರೆಯಲ್ಲಿ, ಉಸಿರು ಹಿಡಿದುಕೊಂಡು. ಎಲ್ಲರಿಗೂ ಶರಣು ಅಂತಷ್ಟೇ ಹೇಳಿ ಕೆಳಗಿಳಿದ. ಎಂಥ ವಿನಯ ಅಂತ ಮಂದಿ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅವನಿಗೆ ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು.

ಮರುದಿನದಿಂದ ಅವನ ಓಡಾಟ ನೋಡಬಾರದು. ಆ ದನಿಯನ್ನು ಒಮ್ಮೆ, ಒಂದೇ ಒಂದು ಸಲ, ನಿಜವಾಗಿ ಹಿಡಿದುಬಿಟ್ಟರೆ ಕಾರ್ಡು ಅಷ್ಟರಮಟ್ಟಿಗೆ ಸುಳ್ಳಾಗುವುದಿಲ್ಲ ಅನ್ನುವ ಲೆಕ್ಕ ಅವನದು. ಶಿವರಾತ್ರಿ ದಾಟಿದರೆ ಈ ಗಾಳಿ ಮುಗಿದಂತೆ. ಟ್ರೇಲರ್ ಸುಳಿಯದ ಗುಡ್ಡ ಹುಡುಕಿಕೊಂಡು ಹೋದ. ಉಚ್ಚಂಗಿದುರ್ಗದಲ್ಲಿ ನಾಲ್ಕು ದಿನ, ಗುಡೇಕೋಟೆಯಲ್ಲಿ ಐದು ದಿನ. ಅಂಗಡಿಯ ಬಾಗಿಲು ತೆರೆದರೆ ತೆರೆಯಿತು, ಇಲ್ಲದಿದ್ದರೆ ಇಲ್ಲ.

ಇದರ ನಡುವೆ ಇನ್ನೊಂದು ಸಂಗತಿ ನಡೆಯಿತು. ಮೊಪೆಡ್ಡಿನ ಸದ್ದಾದ ಕೂಡಲೇ ಅನ್ನದಾನಮ್ಮ ಬಾಗಿಲಿಗೆ ಬಂದು ಅವನ ಮುಖ ನೋಡತೊಡಗಿದಳು. ಸಿಕ್ಕಿತೇ ಅಂತ ಕೇಳುತ್ತಿರಲಿಲ್ಲ. ಅವನು ಇಲ್ಲವೆಂದು ತಲೆಯಾಡಿಸಿದರೆ ಒಳಗೆ ಹೋಗುತ್ತಿದ್ದಳು. ಗೀತಮ್ಮ ಕಾರ್ಡಿನ ಮಾತು ಎತ್ತಿದರೆ ಬೇರೆ ಮಾತು ತೆಗೆಯುತ್ತಿದ್ದಳು. ಒಂದು ದಿನ ನಸುಕಿನಲ್ಲಿ ಅವನು ಆಂಟೆನಾ ಕಟ್ಟುತ್ತಿರುವಾಗ ಸ್ವೆಟರ್ ಹಾಕಿಕೊಂಡು, ರೊಟ್ಟಿಯ ಗಂಟು ಹಿಡಿದು ಹೊರಗೆ ಬಂದಳು.

"ಎಲ್ಲಿಗೆ?" ಅಂದ ಜಂಬಣ್ಣ.

"ಗುಡ್ಡಕ್ಕ. ನೀವೊಬ್ರ ಸುಳ್ಳು ಹೇಳಿದ್ರೇನು? ನಾನ ಹೇಳಿಸೀನಿ."

ಮೊಣಕಾಲು ನೋವಿನವಳು, ಆರು ಕಡೆ ಕೂತು ಎದ್ದು ಹತ್ತಿದಳು. ಮೇಲೆ ಗಾಳಿ ಕೊರೆಯುತ್ತಿತ್ತು. ಆಂಟೆನಾವನ್ನು ಆಗ್ನೇಯಕ್ಕೆ ತಿರುಗಿಸಿ ಅವಳ ಕೈಗೆ ಕೊಟ್ಟ. ಸ್ಕ್ಯಾನರ್ ಆ ನಂಬರನ್ನು ದಾಟಿತು, ಸುತ್ತಿ ಬಂದು ಮತ್ತೆ ದಾಟಿತು, ನಿಲ್ಲಲಿಲ್ಲ. ಹೊತ್ತು ಮೂಡಿದರೆ ದೂರದ ದನಿ ಬಾರದು, ಅದಕ್ಕೆ ಇನ್ನು ಹತ್ತೇ ನಿಮಿಷ ಇತ್ತು. ಕೈ ಸೋತಿದ್ದರೆ ಇಳಿಸು ಅಂದ. ಅವಳು ಇಳಿಸಲಿಲ್ಲ.

"ಇನ್ನಷ್ಟು ಮ್ಯಾಲೆ ಹಿಡೀಲೇನ್ರಿ?" ಅಂದಳು.