ಇಳಿಯದ ಮುಳ್ಳು

ಫೌಜಿನಲ್ಲಿ ಇಪ್ಪತ್ತು ವರ್ಷ ಗಾಡಿ ರಿಪೇರಿ ಕಲಿಸಿದ ನನ್ನನ್ನು ಕೊನೆಗೆ ವಾರಣಾಸಿಯಲ್ಲಿ ಕಂಪ್ಯೂಟರ್ ಕೋಣೆ ಕಾಯಲು ಕೂರಿಸಿದರು. ಹೆಸರಿಗೆ ಉಸ್ತಾದ್. ಕಲಿಸುವುದೆಲ್ಲ ಯಂತ್ರವೇ, ಒಬ್ಬೊಬ್ಬನ ಬುದ್ಧಿ ಅಳೆದು ಒಬ್ಬೊಬ್ಬನಿಗೂ ಬೇರೆ ಪಾಠ ಕೊಡುತ್ತದಂತೆ. ನನ್ನ ಪಾಲಿಗೆ ಹಾಜರಿ ಹಾಕುವುದು, ಎಸಿ ಆರಿಸುವುದು. ಮೈ ಉರಿಯುತ್ತಿತ್ತು, ಯಾರಿಗೆ ಹೇಳುವುದು?

ಅಲ್ಲಿ ಪರೀಕ್ಷೆಗೆ ಬಂದ ಒಂದು ತಂಡದಲ್ಲಿ ನಮ್ಮ ಬೆಳಗಾವಿ ಕಡೆಯವನೊಬ್ಬನಿದ್ದ. ಹತ್ತು ವರ್ಷದ ಹಿಂದೆ ನನ್ನ ಕೈಕೆಳಗೇ ಕಲಿತವನು, ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳುವವನು. ಈ ಪರೀಕ್ಷೆ ಪಾಸಾದರೆ ಹವಾಲ್ದಾರ್ ಬಡ್ತಿ. ಇಲ್ಲದಿದ್ದರೆ ಆ ವರ್ಷವೇ ನೌಕರಿ ಮುಗಿದು ಗಂಟುಮೂಟೆ ಕಟ್ಟಬೇಕು. ಮೌಸ್ ಹಿಡಿಯಲು ತಡವರಿಸಿ ಎರಡು ಸಲ ಫೇಲಾಗಿದ್ದ. ಇದು ಕೊನೆಯದು.

ಪರೀಕ್ಷೆಯ ದಿನ ಪರದೆಯ ಮೇಲೆ ಕುದಿಯುತ್ತಿರುವ ಲಾರಿ ಇಂಜಿನ್ ಬಂತು. ರೇಡಿಯೇಟರ್ ಮುಚ್ಚಳ ತೆಗೆದು ನೀರು ನೋಡಬೇಕು. ಇವನು ಬಾನೆಟ್ ಎತ್ತಿದ, ಮೌಸ್ ಬಿಟ್ಟ, ಎರಡೂ ಕೈ ತೊಡೆಯ ಮೇಲಿಟ್ಟು ಕೂತ. ಬಿಸಿ ತೋರಿಸುವ ಮುಳ್ಳು ಕೆಂಪಿನಲ್ಲೇ ನಿಂತಿತ್ತು. ಪುಣ್ಯಾತ್ಮ ಅದು ಇಳಿಯಲೆಂದು ಕಾಯುತ್ತಿದ್ದ! ಮೂಲೆಯಲ್ಲಿದ್ದ 'ಕಾಯಿರಿ' ಬಟನ್ ಒತ್ತಿದ್ದರೆ ಮುಳ್ಳು ಕ್ಷಣದಲ್ಲಿ ಇಳಿಯುತ್ತಿತ್ತು. ಒತ್ತದಿದ್ದರೆ ಸಂಜೆಯಾದರೂ ಇಳಿಯುತ್ತಿರಲಿಲ್ಲ. ಆ ಬಟನ್ ತೋರಿಸುವ ಪಾಠವನ್ನು ಯಂತ್ರ ಇವನಿಗೆ ಕೊಟ್ಟೇ ಇರಲಿಲ್ಲ. ಇಂಜಿನ್ ವಿಷಯ ಇವನಿಗೆಲ್ಲ ಗೊತ್ತು ಎಂದು ಹಾರಿಸಿತ್ತು.

ಉಸ್ತಾದ್ ತುಟಿ ಬಿಚ್ಚಿದರೆ ಪರೀಕ್ಷೆ ರದ್ದು. ತಲೆಯ ಮೇಲೆ ಕ್ಯಾಮೆರಾ. ಕೆಮ್ಮಿದೆ. ಕುರ್ಚಿ ಎಳೆದು ಸದ್ದು ಮಾಡಿದೆ. ಅವನ ಕಣ್ಣು ಮುಳ್ಳು ಬಿಟ್ಟು ಕದಲಲಿಲ್ಲ. ಹತ್ತು ನಿಮಿಷಕ್ಕೆ ಪರದೆ ಕಪ್ಪಾಗಿ, ಉತ್ತರವಿಲ್ಲ, ಅನುತ್ತೀರ್ಣ ಎಂದಿತು.

ತರಬೇತಿ ಕೇಂದ್ರದ ಸಾಹೇಬರ ಹತ್ತಿರ ಓಡಿದೆ. "ಕ್ಯಾ ಕರೇಂ ಉಸ್ತಾದ್, ಸಿಸ್ಟಮ್ ಫೇಲ್ ದಿಖಾ ರಹಾ ಹೈ" ಎಂದು, ಯಂತ್ರವೇ ಫೇಲ್ ತೋರಿಸುವಾಗ ಏನು ಮಾಡುವುದೆಂದು ಕೈಚೆಲ್ಲಿದರು. ಒಳ್ಳೆಯ ಮನುಷ್ಯ, ಆದರೆ ಅವರ ಕೈಯಲ್ಲೂ ಏನೂ ಇರಲಿಲ್ಲ.

ಅವನು ಊರಿಗೆ ಹೊರಟ ದಿನ ಕಂಟೋನ್ಮೆಂಟ್ ಸ್ಟೇಷನ್ನಿನ ಹೊರಗೆ ಚಹಾ ಕುಡಿಸಿದೆ. ಮಣ್ಣಿನ ಕುಲ್ಹಡ್ ಬರಿದಾಗುವಷ್ಟರಲ್ಲಿ ನನ್ನ ಸಹನೆಯೂ ಮುಗಿದಿತ್ತು.

"ಚಿತ್ರದಾಗಿನ ಇಂಜಿನ್ ಕೈ ಸುಡ್ತೈತೇನಲೇ? ಏನರ ಒಂದು ಒತ್ತಬೇಕಿಲ್ಲೋ?"

ಅವನು ನನ್ನ ಮುಂಗೈ ಮೇಲಿನ ಹಳೆಯ ಸುಟ್ಟ ಕಲೆ ನೋಡಿದ. ಕುದಿಯುವ ರೇಡಿಯೇಟರ್ ತೆರೆದು ಸುಟ್ಟುಕೊಂಡದ್ದೆಂದು ಪ್ರತಿ ತಂಡಕ್ಕೂ ಮೊದಲ ದಿನ ನಾನು ಅಂಗಿಯ ತೋಳು ಮಡಚಿ ತೋರಿಸುತ್ತಿದ್ದ ಕಲೆ ಅದು.

"ನೀವ ಹೇಳಿದ್ರಲ್ರಿ ಉಸ್ತಾದ್, ಮುಳ್ಳು ಇಳಿಯೂತನಕ ಕೈ ಹಚ್ಚಬ್ಯಾಡ ಅಂತ."

ಅಂಗಿಯ ತೋಳು ಕೆಳಗೆಳೆದುಕೊಂಡೆ. ರೈಲು ಬಂದಾಗ ಅವನ ಟ್ರಂಕು ಎತ್ತಿಕೊಟ್ಟೆ. ನನ್ನಿಂದಾದದ್ದು ಅಷ್ಟೇ.